ಸದ್ದಿಲ್ಲದೆ ದುಡಿಯುವ ಮೂತ್ರಪಿಂಡಗಳು

ಸೇವಿಸಿದ ಅನ್ನಪಾನಗಳ ಸಾರವು ದೇಹವನ್ನು ಸೇರಿದ ಮೇಲೆ ಉಳಿಯುವ ತ್ಯಾಜ್ಯವು ಸಕಾಲದಲ್ಲಿ ಹೊರಹೋಗಲೇಬೇಕು. ಆಯುರ್ವೇದವು ಪುರೀಷ, ಮೂತ್ರ, ಸ್ವೇದಗಳನ್ನು ತ್ರಿಮಲಗಳೆಂದು ಕರೆದಿದೆ. ಚರಕಸಂಹಿತೆಯು ಶಿರಸ್ಸು, ಹೃದಯಗಳೊಡನೆ ಬಸ್ತಿಯನ್ನು, ಅಂದರೆ ಮೂತ್ರಕೋಶವನ್ನು, ಪ್ರಧಾನವಾದ ಮೂರು ಮರ್ಮಗಳಲ್ಲಿ ಒಂದೆಂದು ಎಣಿಸಿದೆ. ಸುಶ್ರುತಸಂಹಿತೆಯು ಮೂತ್ರಾಶ್ಮರಿಯ ಶಸ್ತ್ರಚಿಕಿತ್ಸೆಯನ್ನು ವಿವರಿಸಿದೆ. ಮೂತ್ರಪಿಂಡದೊಳಗಿನ ಸೂಕ್ಷ್ಮ ರಚನೆಯಾದರೋ ಸೂಕ್ಷ್ಮದರ್ಶಕವು ಬಂದ ಬಳಿಕವೇ ತಿಳಿದುಬಂದಿತು. 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೌಮನ್ ಅವರು ಅದರ ಶೋಧನ ಭಾಗವನ್ನು ವಿಶದವಾಗಿ ವರ್ಣಿಸಿದರು.

ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಹೊಟ್ಟೆಯ ಹಿಂಭಾಗದಲ್ಲಿ, ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ಉದ್ದ 10ರಿಂದ 12 ಸೆಂಟಿಮೀಟರ್, ತೂಕ ಸುಮಾರು 150 ಗ್ರಾಂ. ಬಲಭಾಗದಲ್ಲಿ ಯಕೃತ್ತು ಇರುವುದರಿಂದ ಬಲ ಮೂತ್ರಪಿಂಡವು ತುಸು ಕೆಳಗಿರುತ್ತದೆ. ಪ್ರತಿಯೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಅತಿಸೂಕ್ಷ್ಮ ಶೋಧಕಗಳಿವೆ. ಹೃದಯವು ಹೊರಹಾಕುವ ರಕ್ತದ ಸುಮಾರು ಐದನೆಯ ಒಂದು ಭಾಗ, ಎಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮಿಗಿಲಾದ ರಕ್ತ, ಇವುಗಳ ಮೂಲಕ ಹರಿಯುತ್ತದೆ.

ನೆಫ್ರಾನಿನ ಆರಂಭದಲ್ಲಿ ಸೂಕ್ಷ್ಮ ರಕ್ತನಾಳಗಳ ಗುಚ್ಛವೊಂದಿದೆ. ಅಲ್ಲಿ ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ರಕ್ತದಲ್ಲೇ ಉಳಿದು, ನೀರು, ಲವಣ, ಸಕ್ಕರೆ, ಯೂರಿಯಾ ಮೊದಲಾದವು ಸೋಸಿ ಬರುತ್ತವೆ. ಹೀಗೆ ಸೋಸಿದ ದ್ರವದ ಪ್ರಮಾಣ ದಿನಕ್ಕೆ ಸುಮಾರು 180 ಲೀಟರ್. ಮುಂದಿನ ನಳಿಕೆಗಳು ಸಕ್ಕರೆಯನ್ನು ಬಹುತೇಕ ಪೂರ್ತಿಯಾಗಿಯೂ, ನೀರು ಮತ್ತು ಲವಣಗಳನ್ನು ದೇಹದ ಅಗತ್ಯವರಿತೂ ಮರಳಿ ರಕ್ತಕ್ಕೆ ಸೇರಿಸುತ್ತವೆ. ಕೊನೆಗೆ ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರಿನಷ್ಟು ಮಾತ್ರ. ರಕ್ತದೊತ್ತಡದ ನಿಯಂತ್ರಣ, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ, ಮೂಳೆಗೆ ಬೇಕಾದ ವಿಟಮಿನ್ ಡಿಯನ್ನು ಕಾರ್ಯಸಮರ್ಥಗೊಳಿಸುವುದು, ಇವೂ ಮೂತ್ರಪಿಂಡಗಳ ಕಾಯಕವೇ.

ಮೂತ್ರವು ಎರಡು ನಾಳಗಳ ಮೂಲಕ ಇಳಿದು ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ಮೂತ್ರಕೋಶವು 400ರಿಂದ 500 ಮಿಲಿಲೀಟರ್ ಹಿಡಿಯಬಲ್ಲುದು; ಅರ್ಧ ತುಂಬುವಷ್ಟರಲ್ಲೇ ವೇಗದ ಅನುಭವವಾಗುತ್ತದೆ. ಮೂತ್ರವೇಗವನ್ನು ತಡೆಯಬಾರದೆಂಬುದು ಚರಕರ ಆದೇಶ. ಸ್ತ್ರೀಯರ ಹೊರಮೂತ್ರನಾಳವು ಕೇವಲ 4 ಸೆಂಟಿಮೀಟರ್‌ನಷ್ಟಿರುವುದರಿಂದ ಅವರಿಗೆ ಸೋಂಕು ಬೇಗ ತಗಲುತ್ತದೆ. ಜಾತ್ರೆ, ಪ್ರಯಾಣಗಳಲ್ಲಿ ಶೌಚಾಲಯದ ಸಂಕೋಚಕ್ಕಾಗಿ ನೀರು ಕುಡಿಯದೆ, ಮೂತ್ರವನ್ನು ತಡೆದಿಡುವ ತಾಯಂದಿರು ಇದನ್ನು ಅವಶ್ಯ ಗಮನಿಸಬೇಕು.

ಮೂತ್ರಪಿಂಡದ ರೋಗವು ಬಹುಕಾಲ ನೋವನ್ನೇ ಕೊಡುವುದಿಲ್ಲ. ಕಾಲುಬಾವು, ಅರುಚಿ, ನಿತ್ರಾಣಗಳು ಕಾಣಿಸಿಕೊಳ್ಳುವ ವೇಳೆಗೆ ಹೆಚ್ಚಿನ ನಷ್ಟವು ಆಗಿಹೋಗಿರುತ್ತದೆ. ನಾಶವಾದ ನೆಫ್ರಾನ್‌ಗಳು ಮತ್ತೆ ಹುಟ್ಟುವುದಿಲ್ಲ. ಕಡೆಯ ಹಂತದಲ್ಲಿ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿಸಲ ಸುಮಾರು ನಾಲ್ಕು ಗಂಟೆಗಳ ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ ಬೇಕಾಗುತ್ತದೆ. ಈ ರೋಗದ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ. ಇವುಗಳಿರುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿನ ಕ್ರಿಯಾಟಿನಿನ್ ಹಾಗೂ ಮೂತ್ರದಲ್ಲಿನ ಆಲ್ಬುಮಿನ್ ಎರಡನ್ನೂ ಪರೀಕ್ಷಿಸಿಕೊಳ್ಳಬೇಕು. ಅರ್ಧದಷ್ಟು ಶಕ್ತಿ ಕುಂದುವವರೆಗೂ ಕ್ರಿಯಾಟಿನಿನ್ ಸಹಜ ಮಿತಿಯಲ್ಲೇ ಇರಬಹುದಾದ್ದರಿಂದ ಅದೊಂದನ್ನೇ ನಂಬಲಾಗದು.

ಔಷಧಿಗಳ ವಿಷಯದಲ್ಲಿ ಎಚ್ಚರವಿರಲಿ. ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕುಗ್ಗಿಸುತ್ತವೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ಭಾವಿಸಲಾಗದು. ಆಯುರ್ವೇದದ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ. ಸರಿಯಾಗಿ ಶೋಧಿಸದ ಪಾದರಸದ ಔಷಧಿಗಳು, ಹೆಸರು ವಿವರಗಳಿಲ್ಲದ ಪುಡಿ ಭಸ್ಮಗಳು ಅಪಾಯಕರ. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಮೂತ್ರಮಾರ್ಗದಲ್ಲಿ ಕ್ಯಾನ್ಸರನ್ನೂ ಉಂಟುಮಾಡಬಲ್ಲುದು. ಬಲ್ಲವರ ಮಾರ್ಗದರ್ಶನವಿಲ್ಲದೆ ಯಾವ ಔಷಧಿಯನ್ನೂ ಸೇವಿಸಕೂಡದು. ಸೇವಿಸುತ್ತಿರುವ ಎಲ್ಲವನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಆರೋಗ್ಯವಂತರು ಬಾಯಾರಿಕೆಗೆ ತಕ್ಕಂತೆ ನೀರು ಕುಡಿದರೆ ಸಾಕು. ಬಿಸಿಲಿನಲ್ಲಿ ದುಡಿಯುವವರಿಗೂ ಹಿಂದೆ ಕಲ್ಲಾದವರಿಗೂ ಹೆಚ್ಚು ಬೇಕು. ಮೂತ್ರವು ತಿಳಿಹಳದಿಯಾಗಿದ್ದರೆ ನೀರು ಸಾಕಷ್ಟಿದೆಯೆಂದು ತಿಳಿಯಬಹುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿರುವ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಂಡು ದಿನಕ್ಕೆ 5 ಗ್ರಾಂ ಮೀರದಂತಿರಲಿ. ಮೂತ್ರಪಿಂಡ ಈಗಾಗಲೇ ದುರ್ಬಲವಾಗಿರುವವರ ಮಾತು ಬೇರೆ. ಅವರ ದೇಹವು ಪೊಟ್ಯಾಸಿಯಂ ಅನ್ನು ಹೊರಹಾಕಲಾರದು. ತಂಪೆಂದು ಕುಡಿದ ಎಳನೀರು ಸಹ ಹೃದಯದ ಬಡಿತವನ್ನು ಏರುಪೇರು ಮಾಡೀತು. ನೀರು, ಹಣ್ಣು, ಬೇಳೆಗಳ ಪ್ರಮಾಣವನ್ನು ಅಂಥವರು ವೈದ್ಯರಿಂದಲೇ ನಿಶ್ಚಯಿಸಿಕೊಳ್ಳಬೇಕು.

ಮನೆಯ ಹಿರಿಯರಲ್ಲಿ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದು ಈ ವರ್ಷ ಮೂತ್ರ ಪರೀಕ್ಷೆ ಆಗದಿದ್ದಲ್ಲಿ, ಮುಂದಿನ ಸಂಚಿಕೆ ತಮ್ಮ ಕೈಸೇರುವ ಮುನ್ನ ಅದನ್ನು ಮಾಡಿಸಬೇಕೆಂದು ವಾಚಕರಲ್ಲಿ ವಿನಂತಿಸುತ್ತೇನೆ.