ನೆರೆಹೊರೆಯ ಗಣಿತ ಮತ್ತು ಕುಲಪತಿಯ ಪೀಠ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಮೊದಲು ಅಚ್ಚರಿಯನ್ನುಂಟುಮಾಡುವುದು ನೀರಿನ ಹರಹು. ಆಮೇಲೆ ಅಚ್ಚರಿಯನ್ನುಂಟುಮಾಡುವುದು ಏರಿಯ ಚಿಕ್ಕತನ. ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಮುಚ್ಚಿ ನಮ್ಮ ಹಿಂದಿನವರು ಹರಿದ್ರಾ ಹೊಳೆಯನ್ನು ಇಲ್ಲಿ ತಡೆದು ನಿಲ್ಲಿಸಿದರು. ವಿದ್ಯಾರ್ಥಿಗಳೊಡನೆ ಒಮ್ಮೆ ಅಲ್ಲಿಗೆ ಹೋಗಿದ್ದಾಗ ಅಚ್ಚುಕಟ್ಟಿನ ಕಡೆಗೆ ಕೈದೋರಿಸಿ ನಾವೊಂದು ಪ್ರಶ್ನೆ ಕೇಳಿದೆವು: ಅಗೋ, ಅಲ್ಲಿ ಕಾಣುವ ಮನೆಗಳಲ್ಲಿ ಯಾವುವು ಒಂದು ಗುಂಪು, ಯಾವುವು ಬೇರೆ ಗುಂಪು? ಎಲ್ಲರೂ ತಟಕ್ಕನೆ ಬೆರಳು ಮಾಡಿ ತೋರಿಸಿದರು. ಅದು ಹೇಗೆ ತಿಳಿಯಿತೆಂದು ಕೇಳಿದಾಗ ಮಾತ್ರ ಒಬ್ಬರೂ ಬಾಯಿಬಿಡಲಿಲ್ಲ.

ಕಣ್ಣು ಒಂದು ಕ್ಷಣದಲ್ಲಿ ಮಾಡಿ ಮುಗಿಸುವ ಈ ಕೆಲಸವನ್ನು ಗಣಕಯಂತ್ರಕ್ಕೆ ಕಲಿಸುವುದು ಹೇಗೆಂದು ಯೋಚಿಸಿದವರಲ್ಲಿ ಕನ್ನಡಿಗರಾದ ಡಾಕ್ಟರ್ ಕೆ. ಚಿದಾನಂದ ಗೌಡರು ಒಬ್ಬರು. ದಕ್ಷಿಣ ಕನ್ನಡದ ಸುಳ್ಯದ ಕಡೆಯವರಾದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಜಿ. ಕೃಷ್ಣ ಅವರೊಡನೆ ಸಂಶೋಧನೆ ನಡೆಸಿದರು. ಇಬ್ಬರೂ ಸೇರಿ 1978ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಪರಸ್ಪರ ನೆರೆತನವೆಂಬ ಕಲ್ಪನೆ. ಹೈಸ್ಕೂಲಿನ ವಿದ್ಯಾರ್ಥಿಯೂ ಇದನ್ನು ಬೆರಳೆಣಿಕೆಯಿಂದ ತಿಳಿಯಬಲ್ಲನು.

ಕಾಲುವೆಯೊಂದರ ದಡದಲ್ಲಿ ಕ, ಖ, ಗ, ಘ ಎಂಬ ನಾಲ್ಕು ಮನೆಗಳಿವೆಯೆಂದು ಭಾವಿಸೋಣ. ತೂಬಿನ ಬಳಿಯ ಕ ಮನೆಯಿಂದ ಅಳೆದರೆ ಖ 20 ಮಾರು, ಗ 30 ಮಾರು, ಘ 90 ಮಾರು ದೂರದಲ್ಲಿವೆ. ಖ ಮನೆಗೆ ಅತ್ಯಂತ ಹತ್ತಿರದ್ದು ಗ. ಗ ಮನೆಗೂ ಅತ್ಯಂತ ಹತ್ತಿರದ್ದು ಖ. ಇಬ್ಬರಿಗೂ ಒಬ್ಬರಿಗೊಬ್ಬರು ಒಂದನೆಯ ನೆರೆಯವರು. ಒಂದು ಮತ್ತು ಒಂದು ಸೇರಿ 2. ಕ ಮನೆಗೆ ಖ ಒಂದನೆಯ ನೆರೆ, ಆದರೆ ಖ ಮನೆಗೆ ಕ ಎರಡನೆಯದು, ಮೊತ್ತ 3. ಇನ್ನು ಒಂಟಿಯಾದ ಘ ಮನೆಯನ್ನು ನೋಡಿರಿ. ಅದಕ್ಕೆ ಗ ಒಂದನೆಯ ನೆರೆಯೇನೋ ಹೌದು. ಗ ಮನೆಯ ಲೆಕ್ಕದಲ್ಲಾದರೋ ಘ ಬರುವುದು ಮೂರನೆಯ ಸ್ಥಾನದಲ್ಲಿ, ಮೊತ್ತ 4. ಮೊತ್ತ ಕಡಮೆಯಿರುವ ಜೊತೆಗಳನ್ನು ಮೊದಲು ಕೂಡಿಸುತ್ತ ಹೋದರೆ ಗುಂಪುಗಳು ತಾವಾಗಿಯೇ ಮೂಡುತ್ತವೆ.

ಇಷ್ಟಕ್ಕೆ ಮಾರುಗಳ ಅಳತೆಯೇ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. ಬಯಲುಸೀಮೆಯ ಊರಿನಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಮಲೆನಾಡಿನಲ್ಲಿ ಒಂದು ಮನೆಯವರು ಕೂಗಿದರೆ ಪಕ್ಕದ ಮನೆಗೆ ಕೇಳಿಸದು. ಇಪ್ಪತ್ತು ಮಾರಿನೊಳಗೆ ಇದ್ದವರೇ ನೆರೆಯವರೆಂದು ನಿಯಮ ಮಾಡಿದರೆ ಮಲೆನಾಡಿನಲ್ಲಿ ನೆರೆಹೊರೆಯೆಂಬುದೇ ಇಲ್ಲವಾಗುತ್ತದೆ. ದೂರವನ್ನು ಬಿಟ್ಟು ಸರದಿಯನ್ನು ಎಣಿಸಿದರೆ ಎರಡು ಸೀಮೆಗಳಿಗೂ ಒಂದೇ ಲೆಕ್ಕ ಸಲ್ಲುತ್ತದೆ. ಈ ವಿಧಾನದ ಸೊಗಸೆಲ್ಲ ಇರುವುದು ಇಲ್ಲಿಯೇ.

ಗೌಡರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕ ವಿಜ್ಞಾನದ ಅಧ್ಯಾಪಕರಾಗಿದ್ದರು. 1991ರಲ್ಲಿ ಫ್ರಾನ್ಸಿನ ಎಡ್ವಿನ್ ದಿದೇ ಅವರೊಡನೆ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೆರೆಯ ಆಳವೆಷ್ಟು ಎಂದರೆ ಒಂದೇ ಸಂಖ್ಯೆ ಹೇಳಲಾಗದು. ಬೇಸಗೆಯಲ್ಲಿ ಇಷ್ಟು, ಮಳೆಗಾಲದಲ್ಲಿ ಇಷ್ಟು ಎನ್ನಬೇಕು. ಕೆಳಗಿನ ಬೆಳೆ ಯಾವುದೆಂದರೆ ಭತ್ತ, ಅಡಕೆ, ತೆಂಗು ಎಂದು ಪಟ್ಟಿ ಕೊಡಬೇಕು. ಇಂಥ ಎರಡು ವಸ್ತುಗಳನ್ನು ಹೋಲಿಸಲು ಅವರು ಮೂರು ಅಂಶಗಳನ್ನು ಹಿಡಿದರು: ವ್ಯಾಪ್ತಿ ಎಲ್ಲಿ ಮೊದಲಾಗುತ್ತದೆ, ಎಷ್ಟು ಉದ್ದವಿದೆ, ಎರಡಕ್ಕೂ ಸಮಾನವಾದುದೆಷ್ಟು.

ಹೀಗಿದ್ದವರು 2000ದ ದಶಕದ ಮೊದಲ ಭಾಗದಲ್ಲಿ ಕುವೆಂಪು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1987ರಲ್ಲಿ ಸ್ಥಾಪನೆಯಾದ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಈ ವಿದ್ಯಾಸಂಸ್ಥೆಗೆ ಯಾರ ಹೆಸರಿದೆಯೋ ಆ ಕವಿಗೆ ಗೌಡರು ಅಳಿಯಂದಿರು. ಮಾವನವರೂ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಸೂಳೆಕೆರೆಯ ಸೀಮೆಯ ಕಾಲೇಜುಗಳೂ ಶಂಕರಘಟ್ಟಕ್ಕೇ ಸೇರಿದ್ದುವು. ಆಗುಂಬೆಯ ಮಳೆಕಾಡಿನಿಂದ ಚಿತ್ರದುರ್ಗದ ಒಣನೆಲದವರೆಗೆ ಒಂದೇ ಆಡಳಿತ!

ಸಂಶೋಧಕರು ಕಡತಗಳ ನಡುವೆ ಕುಳಿತರೆ ವಿಜ್ಞಾನಕ್ಕೆ ನಷ್ಟವೆಂದು ಹೇಳುವವರುಂಟು. ಪ್ರಯೋಗಶಾಲೆಯ ಒಂದು ಉಪಕರಣಕ್ಕಾಗಿ ವರ್ಷಗಟ್ಟಲೆ ಅರ್ಜಿ ಬರೆದ ನಾವು ಆ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇವೆ. ಉಪಕರಣವೇನೆಂದು ಬಲ್ಲವರು ಕಡತದ ಆಚೆಯ ಬದಿಯಲ್ಲಿದ್ದರೆ ಅರ್ಜಿಯನ್ನು ವಿವರಿಸುವ ಕಷ್ಟವಾದರೂ ತಪ್ಪುತ್ತದೆ. ಆದರೆ 1978ರ ಲೇಖನದಂಥದು ಸಭೆಗಳ ನಡುವಣ ಬಿಡುವಿನಲ್ಲಿ ಹುಟ್ಟುವುದಿಲ್ಲವೆಂಬುದೂ ನಿಜ.

ಗೌಡರ ವಿಷಯದಲ್ಲಿ ಅಧಿಕಾರವೂ ಶಾಸ್ತ್ರವೂ ಕೂಡಿದ ಎಡೆಯೊಂದುಂಟು. ಅದು ಕನ್ನಡದ ಬರೆಹ. ‘ಕುವೆಂಪು’ ಎಂಬ ಕನ್ನಡ ತಂತ್ರಾಂಶದ ರಚನೆಗೆ ಅವರು ಮುಂದಾಳಾದರು. ಮುಂದೆ ಸರ್ಕಾರದ ಕನ್ನಡ ತಂತ್ರಾಂಶ ಸಮಿತಿಗೂ ಅಧ್ಯಕ್ಷರಾದರು. ಆಗಿನ ತೊಡಕೇನೆಂದರೆ, ಒಬ್ಬೊಬ್ಬ ತಯಾರಕರು ಅಕ್ಷರದ ತುಂಡುಗಳಿಗೆ ಒಂದೊಂದು ಬಗೆಯಾಗಿ ಸಂಖ್ಯೆ ಕೊಟ್ಟಿದ್ದರು. ಒಂದು ಯಂತ್ರದಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೋರುತ್ತಿತ್ತು. ಹತ್ತು ವರ್ಷ ಕೂಡಿಟ್ಟ ದಾಖಲೆಗಳು ತಂತ್ರಾಂಶ ಬದಲಾದೊಡನೆ ಓದಲಾಗದಂತಾಗುವುದೆಂದರೆ ಸಣ್ಣ ಹಾನಿಯಲ್ಲ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ನಿಗದಿಮಾಡುವ ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೂ ಸ್ಥಾನ ಕೊಟ್ಟಿತ್ತು. ಅದನ್ನು ನಮ್ಮ ಕಚೇರಿಗಳ ಬಳಕೆಗೆ ತರುವುದಾದರೋ ಬಹುಕಾಲ ಹಿಡಿದ ಕೆಲಸವಾಯಿತು.

ಈಗ ಸೂಳೆಕೆರೆ ಎಂದು ಬರೆದರೆ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯಂತ್ರದೊಳಗೆ ಅದು ಎಂಟು ಸಂಖ್ಯೆ: 3256, 3266, 3251, 3270, 3221, 3270, 3248, 3270. ಮೂರು ಸಲ ಬಂದಿರುವ 3270 ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದೆವು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಏರಿಯ ಮಣ್ಣಿನ ಮೇಲೆ ಕಡ್ಡಿಯಿಂದ ಊರಿನ ಹೆಸರನ್ನು ಬರೆದು, ಳೆ, ಕೆ, ರೆಗಳ ತಲೆಯ ಮೇಲಣ ಎತ್ವದ ಕೊಂಬನ್ನು ಒಂದೊಂದಾಗಿ ಮುಟ್ಟಿ ತೋರಿಸಿದಳು.