ಉಪ್ಪಿನಕುದ್ರು: ಸೌಪರ್ಣಿಕೆಯ ಕೆಳಗಣ ದ್ವೀಪಗ್ರಾಮ

ಕೊಲ್ಲೂರಿನ ಶ್ರೀ ಮೂಕಾಂಬಿಕಾ ಸನ್ನಿಧಿಗೆ ತೆರಳುವ ಯಾತ್ರಿಕರು ಸೌಪರ್ಣಿಕೆಯಲ್ಲಿ ಮಿಂದು ಧನ್ಯರಾಗುತ್ತಾರೆ. ಆ ನದಿಯು ಅಲ್ಲಿಂದ ಮುಂದೆಲ್ಲಿಗೆ ಹೋಗುವುದೆಂದು ವಿಚಾರಿಸುವವರು ವಿರಳ. ೧೩೪೩ ಮೀಟರ್ ಎತ್ತರದ ಕೊಡಚಾದ್ರಿಯ ಕಾನನಗಳಿಂದ ಇಳಿದುಬರುವ ಈ ಹೊಳೆ, ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬಂದರೂ ಅದನ್ನು ಸೇರದೆ ತೆಂಕಣಕ್ಕೆ ಹೊರಳುತ್ತದೆ. ಗಂಗೊಳ್ಳಿಯ ಅಳಿವೆಯ ಬಳಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಕೂಡಿ ಪಂಚಗಂಗಾವಳಿಯೆನಿಸಿಕೊಳ್ಳುತ್ತದೆ.

ಐದು ಹೊಳೆಗಳು ಹೊತ್ತುತಂದ ಮೆಕ್ಕಲುಮಣ್ಣು ನೀರಿನ ನಡುವೆ ನೆಲೆನಿಂತು ನೆಲವಾದುದಕ್ಕೆ ಆ ಸೀಮೆಯ ಜನ ‘ಕುದ್ರು’ ಎನ್ನುತ್ತಾರೆ. ಕುಂದಾಪುರಕ್ಕೆ ಸಮೀಪದ ಉಪ್ಪಿನಕುದ್ರು ಅಂತಹದೊಂದು ಗ್ರಾಮ. ತೆಂಗಿನ ತೋಪು, ಗದ್ದೆಯ ಬದು, ದಡಕ್ಕೆ ಕಟ್ಟಿದ ದೋಣಿ, ದಿನಕ್ಕೆರಡು ಬಾರಿ ಏರಿಳಿಯುವ ಭರತದ ನೀರು: ಪೇಟೆಯ ಗದ್ದಲದಿಂದ ಬಂದವನಿಗೆ ಇಷ್ಟೇ ಸಾಕು. ಆದರೆ ನೆಂಟನಿಗೆ ಸೊಬಗಾಗಿ ತೋರುವ ಆ ನೀರೇ ಒಕ್ಕಲಿಗನಿಗೆ ಚಿಂತೆ. ಬೇಸಗೆಯಲ್ಲಿ ಮೇಲಿನ ಸಿಹಿನೀರಿನ ಸೆಳವು ಕುಂದಿದೊಡನೆ ಕಡಲಿನ ಉಪ್ಪುನೀರು ಒಳನುಗ್ಗುತ್ತದೆ. ಇಂತಹ ನೆಲಗಳಲ್ಲಿ ಬಾವಿಯನ್ನೂ ಗದ್ದೆಯನ್ನೂ ಕಾಪಾಡಿಕೊಳ್ಳುವುದೇ ಒಂದು ಸಾಹಸ. ಗ್ರಾಮದ ಹೆಸರಿನಲ್ಲಿಯೇ ಉಪ್ಪು ಇದೆಯಲ್ಲವೆ!

ಈ ಜಲಮಾರ್ಗ ನಮ್ಮ ವಾಚಕರಿಗೆ ಪರಕೀಯವಾದುದಲ್ಲ. ಘಟ್ಟದ ಮೇಲಿನ ಕೆಳದಿಯ ವೀರಶೈವ ಅರಸರಿಗೆ ಬಸರೂರು, ಗಂಗೊಳ್ಳಿಗಳೇ ಕಡಲಿನ ಹೆಬ್ಬಾಗಿಲು. ೧೬೫೦ರ ದಶಕದಲ್ಲಿ ಶಿವಪ್ಪನಾಯಕನು ಇಲ್ಲಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಗಟ್ಟಿದನು. ಇತಿಹಾಸದ ಆ ಸದ್ದೆಲ್ಲ ಅಡಗಿ ಬಹುಕಾಲವಾಯಿತು.

ಉಪ್ಪಿನಕುದ್ರುವಿನ ನಿಜವಾದ ಆಕರ್ಷಣೆ ಅಲ್ಲಿಯ ಸೂತ್ರದ ಗೊಂಬೆಯಾಟ. ಕಾಮತ ಮನೆತನದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ವಿದ್ಯೆಯಿದು. ಬಡಗುತಿಟ್ಟಿನ ಯಕ್ಷಗಾನದ ವೇಷವನ್ನೇ ತೊಟ್ಟ, ಒಂದೂವರೆ ಎರಡಡಿ ಎತ್ತರದ ಮರದ ಗೊಂಬೆಗಳು; ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು; ಮೇಲೆ ಹಿಡಿಕೆಗೆ ಕಟ್ಟಿದ ಐದಾರು ದಾರ. ಭಾಗವತರ ತಾಳಕ್ಕೆ ಗೊಂಬೆಯ ಹೆಜ್ಜೆ ತಪ್ಪಬಾರದು. ಆದ್ದರಿಂದ ಆಡಿಸುವವನು ತಾನೂ ಆ ಕುಣಿತವನ್ನು ಮೈಯಲ್ಲಿ ತುಂಬಿಕೊಂಡಿರಬೇಕಾಗುತ್ತದೆ. ಶರಣರು ಕಾಯಕವೆಂದು ಕರೆದ ಏಕಾಗ್ರತೆಗೆ ಇದೊಂದು ಒಳ್ಳೆಯ ನಿದರ್ಶನವೆಂದು ನನ್ನ ಎಣಿಕೆ. ಇವರ ಹೆಸರಾಂತ ಪ್ರಸಂಗಗಳಲ್ಲೊಂದು ‘ಗರುಡ ಗರ್ವಭಂಗ’. ಸೌಪರ್ಣಿಕೆಗೆ ಹೆಸರು ಬಂದುದು ಸುಪರ್ಣನಾದ ಗರುಡನ ತಪಸ್ಸಿನಿಂದ ಎಂಬ ಐತಿಹ್ಯವನ್ನು ನೆನೆದರೆ, ಮೇಲಿನ ಕ್ಷೇತ್ರದ ಕಥಾನಾಯಕ ಕೆಳಗಿನ ಕುದ್ರುವಿನಲ್ಲಿ ದಾರದ ತುದಿಗೆ ಸಿಕ್ಕಿದಂತಾಯಿತು.

ದೇವಣ್ಣ ಪದ್ಮನಾಭ ಕಾಮತರ ತರುವಾಯ ಅವರ ಸುಪುತ್ರ ಕೊಗ್ಗ ಕಾಮತರು ಈ ಕಲೆಯನ್ನು ದೇಶವಿದೇಶಗಳಿಗೆ ಕೊಂಡೊಯ್ದರು. ೧೯೮೦ರಲ್ಲಿ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಸಂದಿತು. ಅನಂತರ ಭಾಸ್ಕರ ಕೊಗ್ಗ ಕಾಮತರು ಇದನ್ನು ಮುಂದುವರಿಸಿದ್ದಾರೆ. ಗ್ರಾಮದಲ್ಲಿಯೇ ‘ಗೊಂಬೆಮನೆ’ ಎಂಬ ರಂಗಮಂದಿರವೂ ನಿರ್ಮಾಣವಾಗಿದೆ.

ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪದಲ್ಲಿಯೂ ಇಂತಹದೇ ಮನೆತನದ ಗೊಂಬೆಯಾಟವುಂಟು. ಅಲ್ಲಿ ದಾರಕ್ಕೆ ಬದಲು ಕಬ್ಬಿಣದ ಸರಳು. ರಾಮ ಕೃಷ್ಣರಿಗೆ ಬದಲು ಶಾರ್ಲಮಾನ್ ದೊರೆಯ ವೀರಭಟರು. ಅದನ್ನು ೨೦೦೧ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯೆಂದು ಸಾರಿತು. ಸಾರಿದ ಮಾತ್ರಕ್ಕೆ ಕಲೆ ಉಳಿಯುವುದೆಂದೇನಿಲ್ಲ. ಒಂದೇ ಮನೆತನದ ಕೈಬೆರಳುಗಳಲ್ಲಿರುವ ವಿದ್ಯೆಗೆ ಹೊರಗಿನ ಮಕ್ಕಳ ಕೈಯೂ ಒದಗಬೇಕು. ಕಟ್ಟಡಕ್ಕೆ ದಾನಿಗಳು ದೊರೆಯುವಷ್ಟು ಸುಲಭವಾಗಿ ಕಲಿಯುವವರು ದೊರೆಯುವುದಿಲ್ಲ.

ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಕೊಲ್ಲೂರಿನಿಂದ ಇಳಿದು ಹೆಮ್ಮಾಡಿಯಲ್ಲಿ ಹೆದ್ದಾರಿ ಹಿಡಿದು ಮುಂದೆ ಸಾಗಿಬಿಡುತ್ತವೆ. ಕುದ್ರು ಅಲ್ಲಿಂದ ದೂರವೇನಲ್ಲ. ಪ್ರದರ್ಶನವಿರುವ ದಿನವನ್ನು ಮುಂಚಿತವಾಗಿ ತಿಳಿದುಕೊಂಡು, ಹಗಲಿರುವಾಗಲೇ ತಲುಪಿದರೆ, ಆಟ ಮೊದಲಾಗುವ ಮುನ್ನ ಮಕ್ಕಳು ಹೊಳೆಯ ದಡದಲ್ಲಿ ಒಂದಿಷ್ಟು ಹೊತ್ತು ಕುಳಿತಿರಬಹುದು.