ಒಡೆತನವೂ ಒಕ್ಕಲುತನವೂ: ಸರ್ಕಾರದ ಮನೆಗಳಲ್ಲಿ ಪ್ರವೇಶಾಧಿಕಾರದ ವಿಚಾರ

ಬಾಡಿಗೆಗೆ ಕೊಟ್ಟ ಮನೆಯೊಳಕ್ಕೆ ಒಡೆಯನು ತನಗೆ ಬೇಕೆನಿಸಿದಾಗ ಪ್ರವೇಶಿಸಬಹುದೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಆದರೆ ಒಡೆತನವೆಂದರೇನು, ವಾಸವೆಂದರೇನು, ಇವೆರಡರ ಮೇರೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬ ಹಿರಿದಾದ ವಿಚಾರವೇ ಅದರಲ್ಲಿ ಅಡಗಿದೆ. ಒಡೆಯನು ಖಾಸಗಿಯವನಾಗಿರದೆ ಸರ್ಕಾರವೇ ಆಗಿರುವಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಗುರುತ್ವವುಂಟಾಗುತ್ತದೆ. ಏಕೆಂದರೆ ಅಲ್ಲಿ ಬಾಗಿಲು ತಟ್ಟುವವನು ಒಡೆಯನೂ ಹೌದು, ಅಧಿಕಾರಿಯೂ ಹೌದು.

ಈ ವಿಚಾರಕ್ಕೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕರೂರಿನಂತಹ ಗ್ರಾಮವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಈ ಸೀಮೆಯು ೧೮೦೦ರಲ್ಲಿ ನಿಜಾಮನಿಂದ ಕಂಪನಿಯ ಸರ್ಕಾರಕ್ಕೆ ಸೇರಿತು. ಥಾಮಸ್ ಮನ್ರೋ ಸಾಹೇಬರ ಕಾಲದಿಂದ ಇಲ್ಲಿ ರೈತನಿಗೂ ಸರ್ಕಾರಕ್ಕೂ ನೇರವಾದ ಸಂಬಂಧವನ್ನು ಕಲ್ಪಿಸುವ ರೈತವಾರಿ ಪದ್ಧತಿಯು ಬೇರೂರಿತು. ೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರುವವರೆಗೆ ಇಲ್ಲಿ ಮದರಾಸಿನ ಕಾಯಿದೆಗಳು ನಡೆಯುತ್ತಿದ್ದವು. ನೆಲದ ವಿಷಯದಲ್ಲಿ ಸರ್ಕಾರವನ್ನೇ ಒಡೆಯನೆಂದು ಭಾವಿಸುವ ರೂಢಿಯು ಈ ಸೀಮೆಗೆ ಹೊಸದಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ. ಈಗ ಇಂತಹ ಗ್ರಾಮಗಳಲ್ಲಿ ಸರ್ಕಾರದ ಸಂಬಂಧವುಳ್ಳ ಮನೆಗಳು ಎರಡು ಬಗೆ. ನೌಕರರಿಗೆ ವಾಸಕ್ಕಾಗಿ ಕೊಟ್ಟ ವಸತಿಗೃಹಗಳು ಒಂದು. ಬಡವರು ಸರ್ಕಾರದ ಸಹಾಯಧನದಿಂದ ಕಟ್ಟಿಕೊಂಡ ಮನೆಗಳು ಇನ್ನೊಂದು. ಮೊದಲನೆಯದರಲ್ಲಿ ಸರ್ಕಾರವು ಒಡೆಯನೇ ಸರಿ. ಎರಡನೆಯದರಲ್ಲಿ ಹಕ್ಕುಪತ್ರವು ವಾಸಿಗನ ಹೆಸರಿನಲ್ಲಿದ್ದರೂ, ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಹಣ ಬಿಡುಗಡೆಯಾಗುವುದರಿಂದ ತನಿಖೆಗೆ ಬರುವವರ ಹೆಜ್ಜೆ ಮನೆಯೊಳಗೆ ಬಿದ್ದೇ ಬೀಳುತ್ತದೆ. ಹಣ ಕೊಟ್ಟವರು ಬಂದಾಗ ಬಾಗಿಲು ತೆರೆಯಲೇಬೇಕೆಂದು ಮನೆಯವರು ತಿಳಿಯುತ್ತಾರೆ. ಆ ತಿಳುವಳಿಕೆಯು ಎಷ್ಟರಮಟ್ಟಿಗೆ ಸರಿ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಶಬ್ದವನ್ನು ನೋಡುವುದು ಉಚಿತ. ಕನ್ನಡದಲ್ಲಿ 'ಒಕ್ಕಲು' ಎಂಬ ಪದಕ್ಕೆ ವಾಸ, ಕುಟುಂಬ, ಗೇಣಿದಾರ ಎಂಬ ಅರ್ಥಗಳು ಒಟ್ಟಿಗೆ ಉಂಟು. ಹೊಸ ಮನೆಯನ್ನು ಹೊಗುವ ಮಂಗಳಕಾರ್ಯಕ್ಕೆ 'ಮನೆಯೊಕ್ಕಲು' ಎಂದು ಹೆಸರು. ವಾಸಿಗನನ್ನು ಹೊರಡಿಸುವುದಕ್ಕೆ 'ಒಕ್ಕಲೆಬ್ಬಿಸುವುದು' ಎನ್ನುತ್ತಾರೆ. ಈ ಪ್ರಯೋಗಗಳಲ್ಲಿ ಒಡೆತನದ ಮಾತೇ ಇಲ್ಲದಿರುವುದು ಗಮನಾರ್ಹ. ಸ್ವಂತ ಮನೆಯಾದರೂ ಬಾಡಿಗೆಯ ಮನೆಯಾದರೂ ಒಲೆ ಹೂಡಿ ಬಾಳುವವನೇ ಒಕ್ಕಲು, ಎಬ್ಬಿಸುವವನೇ ಹೊರಗಿನವನು. ಹೀಗೆ ವಾಸಕ್ಕೆ ಒಡೆತನದಿಂದ ಬೇರೆಯಾದ ಒಂದು ಗೌರವವನ್ನು ಭಾಷೆಯು ಬಹುಕಾಲದಿಂದ ಸಲ್ಲಿಸಿಕೊಂಡು ಬಂದಿದೆ.

ಶಾಸ್ತ್ರಗಳಲ್ಲಿಯೂ ಇದೇ ವಿವೇಕವು ಕಂಡುಬರುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಆಗಮ, ಭೋಗ ಎಂಬ ಎರಡನ್ನು ಬೇರ್ಪಡಿಸಿ ವಿಚಾರಿಸುತ್ತಾನೆ. ಆಗಮವೆಂದರೆ ಹಕ್ಕಿನ ಮೂಲ, ಭೋಗವೆಂದರೆ ಅನುಭವ. ಆಗಮವು ಪ್ರಬಲವಾದುದಾದರೂ ಸ್ವಲ್ಪವೂ ಭೋಗವಿಲ್ಲದ ಆಗಮಕ್ಕೆ ಬಲವಿಲ್ಲವೆಂಬ ಯಾಜ್ಞವಲ್ಕ್ಯನ ಮತವನ್ನು ಅವನು ವಿವರಿಸುತ್ತಾನೆ. ಇನ್ನು ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಶಾಮಶಾಸ್ತ್ರಿಗಳ ಕೈಗೆ ಬಂದು ೧೯೦೯ರಲ್ಲಿ ಪ್ರಕಟವಾದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದರ ವಾಸ್ತುಪ್ರಕರಣದಲ್ಲಿ ಬಾಡಿಗೆಯ ಮಾತು ಬರುತ್ತದೆ. ಬಿಡಬೇಕೆಂದು ಹೇಳಿದ ಮೇಲೂ ವಾಸಮಾಡುವವನಿಗೆ ೧೨ ಪಣ ದಂಡ. ಬಾಡಿಗೆ ಕೊಡುತ್ತಿರುವವನನ್ನು ಹೊರಡಿಸುವ ಒಡೆಯನಿಗೂ ಅಷ್ಟೇ ದಂಡ. ಬೈಗುಳ ಹೊಡೆತ, ಕಳವು, ಸಾಹಸ ಮೊದಲಾದ ಅಪರಾಧಗಳಿದ್ದರೆ ಮಾತ್ರ ಇದಕ್ಕೆ ಅಪವಾದ. ಒಡೆಯನಿಗೂ ವಾಸಿಗನಿಗೂ ಒಂದೇ ಅಳತೆಯ ದಂಡವನ್ನು ವಿಧಿಸಿರುವುದು ಇಲ್ಲಿ ಮುಖ್ಯವಾದ ಅಂಶ.

ರಾಜನೇ ಒಡೆಯನಾಗಿದ್ದಾಗ ಅವನ ಆಳುಗಳ ಪ್ರವೇಶಕ್ಕೆ ಮೇರೆಯಿತ್ತೆ ಎಂದರೆ, ಅದಕ್ಕೆ ತಾಮ್ರಪಟಗಳು ಉತ್ತರ ಹೇಳುತ್ತವೆ. ರಾಷ್ಟ್ರಕೂಟರ ದಾನಶಾಸನಗಳಲ್ಲಿ ದತ್ತಿಯ ಗ್ರಾಮಕ್ಕೆ 'ಅಚಾಟಭಟಪ್ರವೇಶ್ಯ' ಎಂಬ ವಿಶೇಷಣವು ಮತ್ತೆ ಮತ್ತೆ ಬರುತ್ತದೆ. ಭಟರೆಂದರೆ ರಾಜನ ಸೈನಿಕರು. ಚಾಟರೆಂದರೆ ಯಾರೆಂಬ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು. ಅಂತೂ ರಾಜಪುರುಷರು ಒಳಹೊಗಬಾರದು, ಕೈಯಿಡಬಾರದು ಎಂಬುದೇ ಆ ವಾಕ್ಯಗಳ ಅಭಿಪ್ರಾಯ. ಈ ವಿನಾಯಿತಿಯು ದಾನ ಪಡೆದವರಿಗೆ ಸಂದದ್ದೇ ಹೊರತು ಎಲ್ಲ ಪ್ರಜೆಗಳಿಗೂ ಸಂದದ್ದಲ್ಲ. ಆದರೂ ಪ್ರವೇಶವನ್ನು ತಡೆಯುವ ಹಕ್ಕು ಬರೆದು ಕೊಡತಕ್ಕಷ್ಟು ಬೆಲೆಯುಳ್ಳದ್ದೆಂದು ಆ ಕಾಲದ ಅರಸರು ಬಲ್ಲವರಾಗಿದ್ದರು. ಅಂದು ಕೆಲವರಿಗೆ ಪ್ರಸಾದರೂಪವಾಗಿ ದೊರೆತದ್ದು ಇಂದು ಎಲ್ಲರಿಗೂ ಹಕ್ಕಾಗಿ ದೊರೆತಿದೆಯೆ ಎಂಬುದನ್ನು ಇನ್ನು ನೋಡಬೇಕು.

೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯ ೧೦೮ನೆಯ ಪ್ರಕರಣದಲ್ಲಿ ಇದಕ್ಕೆ ಸಂಬಂಧಿಸಿದ ಎರಡು ನಿಬಂಧನೆಗಳಿವೆ. ಬಾಡಿಗೆಯನ್ನು ಕೊಡುತ್ತ ಕರಾರಿನಂತೆ ನಡೆಯುವವನು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸಬಹುದೆಂಬುದು ಒಂದು. ಸ್ವತ್ತಿನ ಸ್ಥಿತಿಯನ್ನು ಪರೀಕ್ಷಿಸುವುದಕ್ಕೂ ಕುಂದುಗಳನ್ನು ತಿಳಿಸುವುದಕ್ಕೂ ಒಡೆಯನನ್ನಾಗಲಿ ಅವನ ಕಡೆಯವರನ್ನಾಗಲಿ ಯುಕ್ತವಾದ ಸಮಯಗಳಲ್ಲಿ ಒಳಗೆ ಬಿಡಬೇಕೆಂಬುದು ಇನ್ನೊಂದು. ಎಂದರೆ ಪರೀಕ್ಷೆಯ ಅಧಿಕಾರವುಂಟು. ಆದರೆ ಅದು ಸಮಯಕ್ಕೂ ಉದ್ದೇಶಕ್ಕೂ ಕಟ್ಟುಬಿದ್ದ ಅಧಿಕಾರ. ಗೋಡೆಯ ಬಿರುಕನ್ನು ನೋಡಬಂದವನಿಗೆ ಪೆಟ್ಟಿಗೆಯ ಮುಚ್ಚಳ ತೆಗೆಯುವ ಹಕ್ಕಿಲ್ಲ. ಅಲ್ಲದೆ ೧೮೬೦ರ ದಂಡಸಂಹಿತೆಯೂ, ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅತಿಕ್ರಮ ಪ್ರವೇಶವನ್ನು ವಿವರಿಸುವಾಗ ಒಡೆತನವನ್ನು ಹಿಡಿಯದೆ ಸ್ವಾಧೀನವನ್ನೇ ಹಿಡಿಯುತ್ತವೆ. ಆದುದರಿಂದ ಬೆದರಿಸುವ, ಅವಮಾನಪಡಿಸುವ ಅಥವಾ ಪೀಡಿಸುವ ಉದ್ದೇಶದಿಂದ ನುಗ್ಗಿದ ಪಕ್ಷದಲ್ಲಿ ಮನೆಯ ಒಡೆಯನೂ ಅಪರಾಧಿಯಾಗಬಹುದು.

ಇಷ್ಟೆಲ್ಲ ರಕ್ಷಣೆಯಿದ್ದೂ ಸರ್ಕಾರದ ಮನೆಯ ವಾಸಿಗನು ಮಾತ್ರ ಹಲವು ಕಾಯಿದೆಗಳ ನೆರಳಿನಿಂದ ಹೊರಗುಳಿದಿದ್ದಾನೆ. ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಸೇರಿದ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ೨೦೨೧ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ಪ್ರವೇಶದ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಒಡೆಯನು ೨೪ ಗಂಟೆ ಮುಂಚಿತವಾಗಿ ತಿಳಿವಳಿಕೆ ಕೊಡಬೇಕು. ಕಾರಣವನ್ನೂ ದಿನವನ್ನೂ ವೇಳೆಯನ್ನೂ ಅದರಲ್ಲಿ ಕಾಣಿಸಬೇಕು. ಸೂರ್ಯೋದಯಕ್ಕೆ ಮೊದಲೂ ಸೂರ್ಯಾಸ್ತದ ತರುವಾಯವೂ ಒಳಗೆ ಬರಕೂಡದು. ಆದರೆ ಈ ಮಾದರಿಯು ರಾಜ್ಯವು ಅಂಗೀಕರಿಸಿದ ಹೊರತು ಕಾನೂನಾಗುವುದಿಲ್ಲ. ಅದರಲ್ಲಿಯೂ ಸರ್ಕಾರದ ಮನೆಗಳನ್ನು ವ್ಯಾಪ್ತಿಯಿಂದ ಬಿಡಲಾಗಿದೆ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೬ನೆಯ ಪ್ರಕರಣವು ಹೇಳುತ್ತದೆ. ಆ ದಾವೆಯನ್ನು ಸರ್ಕಾರದ ಮೇಲೆ ಹೂಡಕೂಡದೆಂದೂ ಅದೇ ಪ್ರಕರಣವು ಹೇಳುತ್ತದೆ. ಖಾಸಗಿಯವನ ಮನೆಯಲ್ಲಿರುವವನಿಗಿಂತ ಸರ್ಕಾರದ ಮನೆಯಲ್ಲಿರುವವನು, ಹೆಚ್ಚಾಗಿ ಬಡವನಾದವನು, ಕಡಮೆ ರಕ್ಷಣೆಯುಳ್ಳವನಾಗಿರುವುದು ವಿಪರ್ಯಾಸವೇ ಸರಿ. ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿಯ ೧೯೮೫ರ ಕಾಯಿದೆಯಂತೆ ದುರಸ್ತಿಗಾಗಿ ಮನೆ ನೋಡಬರುವ ಒಡೆಯನು ೨೪ ಗಂಟೆಗಳ ಲಿಖಿತ ತಿಳಿವಳಿಕೆ ಕೊಟ್ಟು ಯುಕ್ತವಾದ ವೇಳೆಯಲ್ಲಿ ಬರಬೇಕು. ಪುರಸಭೆಯೇ ಒಡೆಯನಾಗಿದ್ದರೂ ಈ ನಿಯಮವು ತಪ್ಪುವುದಿಲ್ಲ.

ಹಾಗಾದರೆ ಇಲ್ಲಿಯ ವಾಸಿಗನು ನಿರಾಶ್ರಿತನೆ ಎಂದರೆ ಹಾಗೂ ಹೇಳಲಾಗದು. ಖಾಸಗಿ ಒಡೆಯನನ್ನು ಕಾಯಿದೆಯು ಕಟ್ಟಿದರೆ, ಸರ್ಕಾರವನ್ನು ಸಂವಿಧಾನವೇ ಕಟ್ಟುತ್ತದೆ. ಖರಕ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೬೨ರ ಡಿಸೆಂಬರಿನಲ್ಲಿ, ರಾತ್ರಿಯಲ್ಲಿ ಪೊಲೀಸರು ಮನೆಗೆ ಹೋಗಿ ವಿಚಾರಿಸುವ ಉತ್ತರ ಪ್ರದೇಶದ ನಿಯಮವನ್ನು ಸಂವಿಧಾನದ ೨೧ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ರದ್ದುಗೊಳಿಸಿತು. ಆದರೂ ಏಕಾಂತತೆಯೆಂಬ ಪ್ರತ್ಯೇಕ ಹಕ್ಕನ್ನು ಆ ತೀರ್ಪಿನ ಬಹುಮತವು ಒಪ್ಪಲಿಲ್ಲ. ಆ ಕೊರತೆಯನ್ನು ತುಂಬಿದ ಮೊಕದ್ದಮೆಯು ಕನ್ನಡಿಗರೊಬ್ಬರ ಹೆಸರಿನಲ್ಲಿ ನಡೆಯಿತೆಂಬುದು ಸ್ಮರಣೀಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಏಕಾಂತತೆಯು ಮೂಲಭೂತವಾದ ಹಕ್ಕೆಂದು ಒಮ್ಮತದಿಂದ ತೀರ್ಮಾನಿಸಿತು. ಈ ಹಕ್ಕನ್ನು ಮಿತಿಗೊಳಿಸಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು. ಹಕ್ಕುಪತ್ರದ ಅಥವಾ ಬಾಡಿಗೆಯ ಮಾತು ಇಲ್ಲಿ ಹುಟ್ಟುವುದೇ ಇಲ್ಲ. ಮನುಷ್ಯನು ವಾಸಿಸುವುದೇ ಸಾಕು.

ಇನ್ನೊಂದು ಸಾದೃಶ್ಯವೂ ವಿಚಾರಾರ್ಹ. ನ್ಯಾಯಾಲಯದ ಡಿಕ್ರಿಯನ್ನೇ ಕೈಯಲ್ಲಿ ಹಿಡಿದು ಚರಸ್ವತ್ತಿನ ಜಪ್ತಿಗೆ ಬರುವ ಅಮೀನನು ಸಹ ಸೂರ್ಯಾಸ್ತದ ಮೇಲೆ ವಾಸದ ಮನೆಯನ್ನು ಪ್ರವೇಶಿಸಕೂಡದೆಂದು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ವಿಧಿಸುತ್ತದೆ. ಹೊರಗೆ ಕಾಣಿಸಿಕೊಳ್ಳುವ ರೂಢಿಯಿಲ್ಲದ ಸ್ತ್ರೀಯರು ಕೋಣೆಯಲ್ಲಿದ್ದರೆ ಅವರಿಗೆ ಮುಂಚಿತವಾಗಿ ತಿಳಿಸಿ, ಹೊರಹೋಗಲು ಅವಕಾಶ ಕೊಡಬೇಕೆಂದೂ ಅದರಲ್ಲಿದೆ. ಸಾಲ ತೀರಿಸದವನ ಹೊಸ್ತಿಲಿಗೆ ಸಲ್ಲುವ ಮರ್ಯಾದೆಯು ಯಾವ ಸಾಲವೂ ಇಲ್ಲದೆ ಸಹಾಯಧನದ ಮನೆಯಲ್ಲಿ ಬಾಳುವವನ ಹೊಸ್ತಿಲಿಗೆ ಸಲ್ಲದೆಂದು ವಾದಿಸುವುದು ಕಷ್ಟ.

ಮೇಲಿನ ವಿಚಾರಗಳಿಂದ ಕೆಲವು ಮಾತುಗಳು ಫಲಿತವಾಗುತ್ತವೆ. ಪರೀಕ್ಷೆಯು ಒಡೆಯನ ಕರ್ತವ್ಯವೂ ಹೌದು. ಸೋರುವ ಛಾವಣಿಯನ್ನು ನೋಡದೆ ಸರಿಪಡಿಸಲಾಗದು, ಸಾರ್ವಜನಿಕರ ಹಣದ ಲೆಕ್ಕವನ್ನೂ ನೋಡಬೇಕಾಗುತ್ತದೆ. ಆದುದರಿಂದ ಬಾಗಿಲನ್ನು ಎಂದೂ ತೆರೆಯೆನೆಂಬ ಹಟಕ್ಕೆ ಆಧಾರವಿಲ್ಲ. ಆದರೆ ಬರುವವನು ಯಾರು, ಯಾರ ಅಪ್ಪಣೆಯಿಂದ, ಯಾವ ಕೆಲಸಕ್ಕೆ ಬಂದನೆಂದು ಕೇಳುವುದು ಅವಿಧೇಯತೆಯಲ್ಲ. ಮುಂಚಿತವಾಗಿ ತಿಳಿಸಬೇಕೆನ್ನುವುದೂ, ಹಗಲಿನಲ್ಲಿ ಬನ್ನಿರೆನ್ನುವುದೂ, ಮನೆಯಲ್ಲಿ ಹಿರಿಯರಿಲ್ಲದಾಗ ಇನ್ನೊಂದು ದಿನ ಗೊತ್ತುಮಾಡಿರೆನ್ನುವುದೂ ಒಕ್ಕಲಿನ ಸಹಜವಾದ ಮಾತುಗಳೇ. ಬೆಂಕಿ, ನೆರೆ ಮೊದಲಾದ ಆಪತ್ತುಗಳಲ್ಲಿ ಮಾತ್ರ ಈ ನಿಯಮಗಳು ಸಡಿಲವಾಗಬೇಕಾದುದು ನ್ಯಾಯ. ತುಂಗಭದ್ರೆಯ ದಡದ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಮಾದರಿ ಕಾಯಿದೆಯು ಖಾಸಗಿ ಒಡೆಯರಿಗಾಗಿ ಬರೆದಿಟ್ಟ ನಾಲ್ಕು ಸಾಲಿನ ನಿಯಮವನ್ನು ಸರ್ಕಾರವು ತನ್ನ ಮನೆಗಳ ಮಂಜೂರಾತಿಯ ಆಜ್ಞೆಯಲ್ಲಿ ತಾನೇ ಸೇರಿಸಿಕೊಂಡರೆ ಈ ಕೊರತೆಯು ಬಹುಮಟ್ಟಿಗೆ ನೀಗುತ್ತದೆ. ಅದಕ್ಕೆ ಹೊಸ ಶಾಸನವೂ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ತಾಮ್ರಪಟದಲ್ಲಿ ಅರಸನು ದಾನ ಪಡೆದ ಕೆಲವರಿಗೆ ಕೊಟ್ಟ ಮಾತನ್ನು ಕರೂರಿನ ಸಹಾಯಧನದ ಮನೆಯವನಿಗೆ ಕೊಡುವ ಕಾಗದದಲ್ಲಿಯೂ ಒಂದು ಸಾಲಾಗಿ ಬರೆದರೆ ಸಾಕು.